ಆಪಾ ಬರೆಸಿದ ಚಾಂದಿನ ಕ್ಯಾಲೆಂಡರ್

ಆಪಾ ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಹದಿನಾರನೆಯ ವಯಸ್ಸಿನಲ್ಲಿ ಹೊಲಿಗೆ ಯಂತ್ರದ ಸೂಜಿ ಆ ಉಗುರಿನೊಳಗೆ ಇಳಿದು, ಕೆಳಗಿದ್ದ ಬಟ್ಟೆಯ ಜೊತೆ ಬೆರಳನ್ನೂ ಹೊಲಿದುಬಿಟ್ಟಿತ್ತಂತೆ. ಆಮೇಲೆ ಬೆಳೆದ ಉಗುರು ಎರಡು ಎಸಳಾಗಿಯೇ ಬೆಳೆಯಿತು. ಆಪಾಗೆ ಅದರ ಬಗ್ಗೆ ನಾಚಿಕೆ ಇರಲಿಲ್ಲ. ಕುಪ್ಪಸದ ಮಡಿಕೆ, ಸೀರೆಯ ಫಾಲ್, ಮಕ್ಕಳ ಕಾಗದದ ಮೇಲಿನ ಚೌಕ, ಎಲ್ಲವನ್ನೂ ಆ ಹೆಬ್ಬೆರಳಿನಿಂದಲೇ ಅಳೆಯುತ್ತಿದ್ದರು. ಸ್ಕೇಲು ಕೊಟ್ಟರೆ ಪಕ್ಕಕ್ಕೆ ಸರಿಸಿ, “ಸ್ಕೇಲು ಮನ್ಯಾಗ ಮರತು ಬರ್ತೀವಿ, ಬೆರಳು ಮರಿತೀವೇನು?” ಎನ್ನುತ್ತಿದ್ದರು.

ಆಪಾ ಬಗ್ಗೆ ಬರೆಯುತ್ತೇನೆ ಎಂದಾಗ ಹೆಸರು ಮಾತ್ರ ಹಾಕಬೇಡ ಎಂದು ನಮ್ಮ ಮನೆಯಲ್ಲೇ ಒಬ್ಬರು ಹೇಳಿದರು. ಹಾಕುವುದಿಲ್ಲ. ಆದರೆ ಅದು ಅವರ ಮಾತಿಗೆ ಅಂಜಿ ಅಲ್ಲ. ಹನ್ನೆರಡು ವರ್ಷ ಗೋಡೆಯ ಆಚೆ ಈಚೆ ಬದುಕಿದರೂ ನಾನು ಅವರನ್ನು ಒಮ್ಮೆಯೂ ಹೆಸರಿನಿಂದ ಕರೆದವಳಲ್ಲ. ನನಗೆ ಅವರು ಆಪಾ, ಅಂದರೆ ಅಕ್ಕ. ಓಣಿಯ ಮಕ್ಕಳಿಗೆಲ್ಲ ಆಪಾ. ಇಷ್ಟು ಹೇಳಿದ ಮೇಲೂ ಯಾರಿಗಾದರೂ ಕಿರಿಕಿರಿಯಾದರೆ ಆಗಲಿ.

ನಾನು ಸಾಲಗುಂದದವಳು. ಮದುವೆಯಾಗಿ ಸಿಂಧನೂರಿಗೆ ಬಂದೆ. ಮಾವನವರದು ಬೀಜ-ಗೊಬ್ಬರದ ಅಂಗಡಿ. ಮನೆಯಲ್ಲಿ ಬೆಳಿಗ್ಗೆ ಲಿಂಗಪೂಜೆಯಾಗದೆ ಯಾರ ಬಾಯಿಗೂ ಚಹಾ ಇಳಿಯುವುದಿಲ್ಲ. ಗಂಡ ಔಷಧ ಕಂಪನಿಯ ಕೆಲಸದ ಮೇಲೆ ವಾರದಲ್ಲಿ ನಾಲ್ಕು ದಿನ ಊರೂರು ತಿರುಗುವವರು. ನಮ್ಮ ಹಿತ್ತಲಿಗೂ ಆಪಾ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಆ ಗೋಡೆಯ ಮೇಲಿಂದ ನಾನು ಕೊಟ್ಟ ಕುಪ್ಪಸಗಳು ಆಚೆ ಹೋಗುತ್ತಿದ್ದವು, ಹೊಲಿದು ಈಚೆ ಬರುತ್ತಿದ್ದವು. ನನ್ನ ಮಗಳು ನೀಲಾ ನಡೆಯಲು ಕಲಿತ ಮೇಲೆ ಅವಳನ್ನೂ ಅದೇ ಗೋಡೆಯ ಮೇಲಿಂದ ಎತ್ತಿ ದಾಟಿಸುತ್ತಿದ್ದೆವು.

ಆಪಾ ಹುಟ್ಟಿದ್ದು ಮಸ್ಕಿಯಲ್ಲಿ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬೆಳಿಗ್ಗೆ ಓಣಿಯ ಮಕ್ಕಳಿಗೆ ಅರಬ್ಬಿ ಓದಿಸುವುದು, ಮಧ್ಯಾಹ್ನವೆಲ್ಲ ಹೊಲಿಗೆ, ಸಂಜೆ ಮತ್ತೆ ಮಕ್ಕಳು. ಎಡಗಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿಕೊಳ್ಳಿರಿ ಎಂದರೆ, “ಒಂದ ಕಣ್ಣಾಗ ಸೂಜಿಗೆ ದಾರ ಹಾಕ್ತೀನಿ. ಎರಡೂ ಇದ್ದವರು ಹಾಕಿ ತೋರಸ್ರಿ ನೋಡೋಣು” ಎಂದು ಸವಾಲು ಹಾಕುತ್ತಿದ್ದರು. ಯಾರು ಏನು ಹೇಳಿದರೂ ಮೊದಲು ಎದುರು ನಿಲ್ಲುವುದು, ಆಮೇಲೆ ಯೋಚಿಸುವುದು ಅವರ ಸ್ವಭಾವ. ಇದರಿಂದ ಅವರಿಗೆ ನಷ್ಟವಾದದ್ದೂ ಉಂಟು. ಆಪರೇಷನ್ ಅವರು ಕೊನೆಗೂ ಮಾಡಿಸಿಕೊಳ್ಳಲಿಲ್ಲ.

ಕ್ಯಾಲೆಂಡರ್ ಬರೆಯುವ ಕೆಲಸವೂ ಶುರುವಾದದ್ದು ಇಂಥ ಒಂದು ಜಿದ್ದಿನಿಂದಲೇ. ಪ್ರತಿವರ್ಷ, ಅವರ ಹೊಸ ವರ್ಷ ಶುರುವಾಗುವ ಮೊಹರಂ ತಿಂಗಳಿಗೆ ಮೊದಲು, ಅವರು ಬಜಾರಿನ ಪುಸ್ತಕದ ಅಂಗಡಿಯಿಂದ ಉರ್ದು ಕ್ಯಾಲೆಂಡರ್ ತರುತ್ತಿದ್ದರು. ಒಂದು ವರ್ಷ ನಾನೂ ನೀಲಾಳ ನೋಟ್‌ಬುಕ್ಕಿಗೆಂದು ಅವರ ಜೊತೆ ಹೋಗಿದ್ದೆ. ಅಂಗಡಿಯವನು ಇಲ್ಲವೆಂದು ಕೈ ಅಲ್ಲಾಡಿಸಿಬಿಟ್ಟ.

“ತರಸೂದು ಬಿಟ್ಟೀನ್ರೀ ಆಪಾ. ಈಗ ಎಲ್ಲಾರೂ ಮೊಬೈಲ್‌ನಾಗ ನೋಡ್ತಾರ. ಯಾರೂ ತಗೊಳ್ಳವಲ್ಲರು.”

“ಮೊಬೈಲ್ ಏನು ಗ್ವಾಡಿಗೆ ಮೊಳಿ ಹೊಡದು ಹಾಕ್ತಾರೇನು?”

“ಅದಕ್ಕ ನಾ ಏನ್ ಮಾಡ್ಲಿರೀ?”

“ನೀ ಏನೂ ಮಾಡಬ್ಯಾಡ. ನೀ ತರಸಲಿಲ್ಲಂದ್ರ ನಮಗ ತಿಂಗಳಾ ಹುಟ್ಟಾಂಗಿಲ್ಲೇನು? ನಾವ ಬರಕೊಂತೀವಿ.”

ಸಿಟ್ಟಿನಲ್ಲಿ ಆಡಿದ ಮಾತು, ಮನೆ ಮುಟ್ಟುವಷ್ಟರಲ್ಲಿ ಆರಿಹೋಗುತ್ತದೆ ಎಂದುಕೊಂಡಿದ್ದೆ. ಮರುದಿನ ಸಂಜೆ ಗೋಡೆಯ ಮೇಲಿಂದ ಇಣುಕಿದರೆ ಆಪಾ ಮನೆಯ ಕಟ್ಟೆಯ ಮೇಲೆ ಆರು ಮಕ್ಕಳು ಬೋರಲು ಮಲಗಿದ್ದರು. ಮುಂದೆ ಸಿಮೆಂಟ್ ಚೀಲದ ಒಳಗಿನ ಕಂದು ಕಾಗದ. ಆಪಾ ಹೆಬ್ಬೆರಳು ಊರಿ ಊರಿ ಚುಕ್ಕೆ ಇಡಿಸುತ್ತಿದ್ದರು, ಮಕ್ಕಳು ಚುಕ್ಕೆಗೆ ಚುಕ್ಕೆ ಸೇರಿಸಿ ಗೆರೆ ಎಳೆಯುತ್ತಿದ್ದರು. ನೀಲಾ ಆಗ ಎರಡನೆಯ ತರಗತಿ. ಅವಳೂ ಅಲ್ಲೇ ಇದ್ದಳು.

ಆ ಕ್ಯಾಲೆಂಡರಿನ ಲೆಕ್ಕ ನನಗೆ ಹೊಸದು. ನಾನು ನೋಡಿದ ಕ್ಯಾಲೆಂಡರುಗಳಲ್ಲಿ ವರ್ಷದ ಎಲ್ಲ ದಿನಗಳೂ ಮೊದಲೇ ಅಚ್ಚಾಗಿರುತ್ತವೆ. ಇಲ್ಲಿ ಹಾಗಲ್ಲ. ಪ್ರತಿ ತಿಂಗಳಿಗೂ ಇಪ್ಪತ್ತೊಂಬತ್ತು ಚೌಕಗಳನ್ನು ಶಾಯಿಯಲ್ಲಿ ಬರೆಯುತ್ತಿದ್ದರು, ಮೂವತ್ತನೆಯದನ್ನು ಪೆನ್ಸಿಲ್‌ನಲ್ಲಿ. ಇಪ್ಪತ್ತೊಂಬತ್ತರ ಸಂಜೆ ಮಕ್ಕಳೆಲ್ಲ ಮಾಳಿಗೆ ಹತ್ತಿ ಪಡುವಣದ ಕಡೆ ನೋಡಬೇಕು. ಚಂದ್ರ ಕಂಡರೆ ಪೆನ್ಸಿಲ್ ಗೆರೆ ಅಳಿಸಿ ಹೊಸ ತಿಂಗಳು ಶುರು. ಕಾಣದಿದ್ದರೆ ಆ ಚೌಕಕ್ಕೂ ಶಾಯಿ. ದಿನ ಹುಟ್ಟುವುದು ಬೆಳಿಗ್ಗೆ ಅಲ್ಲ, ಹೊತ್ತು ಮುಳುಗಿದಾಗ. ಹಾಗಾಗಿ ಪ್ರತಿ ಸಂಜೆ ಒಬ್ಬೊಬ್ಬರ ಸರದಿಯಲ್ಲಿ ಆ ದಿನದ ಚೌಕಕ್ಕೆ ಬಣ್ಣ ತುಂಬಿ, ಒಂದು ಸಾಲು ಬರೆಯುವುದು ನಿಯಮ. ಏನು ಬರೆಯಬೇಕು ಎಂದರೆ, “ಏನಾಗೈತೋ ಅದು” ಎನ್ನುತ್ತಿದ್ದರು ಆಪಾ. ಸಾನಿಯಾಳ ಹಲ್ಲು ಬಿತ್ತು. ಕಾಲುವೆಗೆ ನೀರು ಬಿಟ್ಟರು. ಇವತ್ತು ಕರೆಂಟ್ ಇರಲಿಲ್ಲ. ಕನ್ನಡದಲ್ಲಿ ಬರೆಯುವವರು ಕನ್ನಡದಲ್ಲಿ, ಉರ್ದು ಬಲ್ಲವರು ಉರ್ದುವಿನಲ್ಲಿ. ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಬಂದು ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ಬಂಗಾಲಿ ಕುಟುಂಬದ ಹುಡುಗಿಯೊಬ್ಬಳು ತನ್ನ ಸರದಿ ಬಂದಾಗಲೆಲ್ಲ ಅಕ್ಷರದ ಬದಲು ಮೀನು ಬಿಡಿಸುತ್ತಿದ್ದಳು. ಆಪಾ ಬೇಡ ಎನ್ನಲಿಲ್ಲ. ಗೆರೆ ಸೊಟ್ಟಾದರೆ ಮಾತ್ರ ಬಿಡುತ್ತಿರಲಿಲ್ಲ. “ನಮ್ಮ ಮಸ್ಕಿ ಗುಡ್ಡದಾಗ ಕಲ್ಲಿನ ಮ್ಯಾಲೆ ಬರದದ್ದು ಎಷ್ಟ ವರ್ಷ ಆದ್ರೂ ನೆಟ್ಟಗೈತಿ. ನಿಮಗ ಹಾಳಿ ಮ್ಯಾಲೆ ಬರಿಯಾಕ ಏನ್ ರ್ವಾಗ?” ಎಂದು ಗದರಿ ಅಳಿಸಿ ಬರೆಸುತ್ತಿದ್ದರು.

ಮೊದಮೊದಲು ಇದು ಮಕ್ಕಳಾಟವೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ತಲೆ ಕೆಡಿಸಿಕೊಳ್ಳುವಂತಾದದ್ದು ಶಾಬಾನ್ ತಿಂಗಳ ಇಪ್ಪತ್ತೊಂಬತ್ತರ ಸಂಜೆ. ಅವತ್ತು ಚಂದ್ರ ಕಂಡರೆ ಮರುದಿನದಿಂದ ರಂಜಾನಿನ ಉಪವಾಸ, ರೋಜಾ. ಆಕಾಶದಲ್ಲಿ ಮೋಡ ಚೂರುಚೂರಾಗಿ ಹರಡಿತ್ತು. ಮಕ್ಕಳು ಆಪಾ ಜೊತೆ ಅವರ ಮಾಳಿಗೆಯ ಮೇಲೆ, ನಾನು ನಮ್ಮ ಮಾಳಿಗೆಯಲ್ಲಿ ಒಣಹಾಕಿದ್ದ ಮೆಣಸಿನಕಾಯಿ ತುಂಬುತ್ತಿದ್ದೆ. ಅಕ್ಕಿ ಗಿರಣಿಯ ಚಿಮಣಿಯ ಬಲಗಡೆಗೆ ನೀಲಾ ಮೊದಲು ಬೆರಳು ತೋರಿಸಿದಳು. ಆಮೇಲೆ ಸಾನಿಯಾಗೆ ಕಂಡಿತು, ಆಮೇಲೆ ಉಳಿದವರಿಗೆ. ಆಪಾ ಕಣ್ಣು ಕಿರಿದು ಮಾಡಿ ಎಷ್ಟು ನೋಡಿದರೂ ಅವರಿಗೆ ಕಾಣಲಿಲ್ಲ. ನಾನು ತಿರುಗುವಷ್ಟರಲ್ಲಿ ಮೋಡ ಮುಚ್ಚಿತ್ತು.

ಆಪಾ ಆರೂ ಮಕ್ಕಳನ್ನು ಕರೆದುಕೊಂಡು ಮಸೀದಿಯ ಹಿರಿಯರೊಬ್ಬರ ಮನೆಗೆ ಹೋದರು. ಅಲ್ಲಿ ನಡೆದದ್ದನ್ನು ನೀಲಾ ಬಂದು ಇದ್ದದ್ದು ಇದ್ದ ಹಾಗೆ ಹೇಳಿದಳು. ಹಿರಿಯರು ಒಳ್ಳೆಯವರೇ. ಮಕ್ಕಳಿಗೆಲ್ಲ ಖರ್ಜೂರ ಕೊಟ್ಟರಂತೆ. ಆದರೆ ಮಕ್ಕಳ ಸಾಕ್ಷಿ ನಡೆಯುವುದಿಲ್ಲ ಎಂದರು. ಮೊದಲು ನೋಡಿದವರು ಯಾರು ಎಂದು ಕೇಳಿ, ನೀಲಾಳ ಹಣೆಯ ವಿಭೂತಿ ಕಂಡು ನಕ್ಕರು.

“ಈ ಹುಡುಗಿ ಮಾತ್ ಕೇಳಿ ಊರಿಗೆಲ್ಲಾ ರೋಜಾ ಹಿಡಸಲೇನವಾ?”

“ಚಾಂದ್ ಏನು ಅಕಿನ ಜಾತಿ ಕೇಳಿ ಕಂಡೈತೇನ್ರಿ?” ಎಂದರಂತೆ ಆಪಾ. “ನೀವು ಊರಿಗೆ ಯಾವಾಗ ಹೇಳ್ತೀರೋ ಅದು ನಿಮಗ ಬಿಟ್ಟದ್ದು, ನಾ ಅಡ್ಡ ಬರಾಂಗಿಲ್ಲ. ನಮ್ಮ ಹುಡುಗರ ಕ್ಯಾಲೆಂಡರ್‌ನ್ಯಾಗ ಮಾತ್ರ ಕಂಡದ್ದು ಕಂಡಂಗ ಬರೀತೀವಿ.”

ಬೇರೆ ಊರುಗಳಿಂದಲೂ ಚಂದ್ರ ಕಂಡ ಸುದ್ದಿ ಬರಲಿಲ್ಲ. ಊರಿನಲ್ಲಿ ರೋಜಾ ಒಂದು ದಿನ ತಡವಾಗಿ ಶುರುವಾಯಿತು. ಮಕ್ಕಳ ಕಾಗದದಲ್ಲಿ ಆ ತಿಂಗಳಿಡೀ ಒಂದೊಂದು ಚೌಕಕ್ಕೂ ಎರಡೆರಡು ಅಂಕಿ, ಕಂಡದ್ದು ನೀಲಿಯಲ್ಲಿ, ಊರಿನದು ಕೆಂಪಿನಲ್ಲಿ.

ಮಕ್ಕಳು ಚಂದ್ರ ಕಂಡ ಮರುದಿನ ಮಧ್ಯಾಹ್ನ ನಾನು ಗೋಡೆಯ ಮೇಲಿಂದ ಒಂದು ಬಟ್ಟಲು ಹುಗ್ಗಿ ಚಾಚಿದೆ. ಆಪಾ ತೆಗೆದುಕೊಂಡು ಮುಚ್ಚಿಟ್ಟರು. ಬಿಸಿ ಇದ್ದಾಗಲೇ ತಿನ್ನಿರಿ ಎಂದೆ. ಸಂಜಿಗೆ ತಿಂತೀನಿ ಎಂದರು. ಅವರ ತುಟಿ ಒಣಗಿತ್ತು. ನನಗೆ ಆಗ ಹೊಳೆಯಿತು.

“ಆಪಾ, ರೋಜಾ ಹಿಡದೀರೇನ್ರಿ? ನಾಳಿಂದ ಅಲ್ಲೇನು?”

“ಊರಿಗೆ ನಾಳಿಂದ. ನಮ್ಮ ಹುಡುಗ್ರು ಕಂಡಾರ. ನಂಬಲಿಲ್ಲಂದ್ರ ನಾಳಿ ಯಾವ ಬಾಯಿಲೆ ಅವಕ್ಕ ಖರೇ ಹೇಳ್ರಿ ಅಂತ ಹೇಳ್ಲಿ?”

ನನ್ನ ಏಳು ವರ್ಷದ ಮಗಳು ಬೆರಳು ತೋರಿಸಿದ್ದನ್ನು ನಂಬಿ ಒಬ್ಬರು ಒಂದು ಹನಿ ನೀರು ಕುಡಿಯದೆ ಇಡೀ ದಿನ ಯಂತ್ರ ತುಳಿದರು. ಯಾರಿಗೂ ಹೇಳಿಕೊಳ್ಳಲೂ ಇಲ್ಲ. ಮನೆಯಲ್ಲಿ ನಾವೇ ನೀಲಾಳ ಮಾತನ್ನು ಎಷ್ಟು ಸಲ ‘ಸುಮ್ಮನಿರು’ ಎಂದು ಒರೆಸಿಹಾಕಿದ್ದೆವೋ ನನಗೆ ಗೊತ್ತು.

ಈ ಸುದ್ದಿ ಓಣಿ ದಾಟಿ ಬಜಾರು ಮುಟ್ಟಿತು. ಬೀಜದ ಅಂಗಡಿಯವರ ಮೊಮ್ಮಗಳು ಸಾಬರ ಚಂದ್ರ ನೋಡಿದಳಂತೆ ಎಂದು ಮಾವನವರ ಮುಂದೆಯೇ ಯಾರೋ ನಗೆಯಾಡಿದರು. ಅವರು ಮನೆಗೆ ಬಂದು ನನಗೆ ಏನೂ ಹೇಳಲಿಲ್ಲ, ಅತ್ತೆಗೆ ಹೇಳಿದರು. ಅತ್ತೆ ಸಾರಿಗೆ ಒಗ್ಗರಣೆ ಹಾಕುತ್ತ, “ಹುಡುಗಿನ ಸ್ವಲ್ಪ ಕಡಿಮಿ ಕಳಸು” ಎಂದಷ್ಟೇ ಹೇಳಿದರು. ನಾನು ಹೂಂ ಎಂದೆ. ಕಡಿಮೆ ಮಾಡಲಿಲ್ಲ.

ಎರಡನೆಯ ವರ್ಷದ ಕ್ಯಾಲೆಂಡರಿಗೆ ಕಾಗದ ಕೊಟ್ಟವಳು ನಾನೇ. ಸಿಮೆಂಟ್ ಚೀಲದ ಕಾಗದ ಮಳೆಗಾಲದ ತೇವಕ್ಕೆ ಮುದುಡಿ ಹರಿದುಹೋಗುತ್ತಿತ್ತು. ಮಾವನವರ ಅಂಗಡಿಯಿಂದ ಪ್ರತಿವರ್ಷ ಗಿರಾಕಿಗಳಿಗೆ ಶಿವಪಾರ್ವತಿಯ ಚಿತ್ರವಿರುವ ಕ್ಯಾಲೆಂಡರ್ ಹಂಚುತ್ತಾರೆ. ಹಂಚಿ ಉಳಿದವು ಗೋದಾಮಿನಲ್ಲಿ ಗೊಬ್ಬರದ ಚೀಲಗಳಿಗೆ ತೇವ ತಾಗದಿರಲೆಂದು ಕೆಳಗೆ ಹಾಸಿರುತ್ತವೆ. ದಪ್ಪ ಕಾಗದ, ಹಿಂಬದಿ ಹಾಲಿನಂತೆ ಬಿಳುಪು. ಒಂದು ಮಧ್ಯಾಹ್ನ ಅಂಗಡಿಗೆ ಊಟ ಕೊಡಲು ಹೋದಾಗ ಒಂದು ಕಟ್ಟು ತಂದು ಗೋಡೆಯ ಮೇಲಿಂದ ದಾಟಿಸಿದೆ. ಆಪಾ ಹಾಳೆ ಮೂಸಿ ನೋಡಿ, “ಯೂರಿಯಾ ವಾಸನಿ ಬರ್ತೈತಿ. ಇರ್ಲಿ, ಹುಳ ಹತ್ತಾಂಗಿಲ್ಲ” ಎಂದು ನಕ್ಕರು.

ಐದು ತಿಂಗಳು ಎಲ್ಲ ಸರಿಯಿತ್ತು. ಕಟ್ಟೆಯ ಗೋಡೆಗೆ ಹನ್ನೆರಡು ಹಾಳೆಗಳೂ ಸಾಲಾಗಿ ತೂಗುತ್ತಿದ್ದವು. ಒಂದು ದಿನ ಫಾಲ್ ಹೊಲಿಸಲು ಬಂದ ಒಬ್ಬ ಹೆಂಗಸಿನ ಎದುರಿಗೆ ಗಾಳಿ ಬೀಸಿ ಒಂದು ಹಾಳೆ ಮಗುಚಿತು. ಹಿಂದೆ ಶಿವಪಾರ್ವತಿ, ಕೆಳಗೆ ನಮ್ಮ ಅಂಗಡಿಯ ಹೆಸರು. ಸಂಜೆಯೊಳಗೆ ಮಾತು ಬೇರೆಯೇ ಆಗಿತ್ತು. ದೇವರ ಮುಖವನ್ನು ಬೇಕೆಂತಲೇ ಗೋಡೆಗೆ ತಿರುಗಿಸಿ ಮೊಳೆ ಹೊಡೆದಿದ್ದಾರೆ ಎಂದು.

ಮರುದಿನ ಐದು ಗಂಟೆಯ ಹೊತ್ತಿಗೆ ನನ್ನ ಮೈದುನ ತನ್ನ ಇಬ್ಬರು ಗೆಳೆಯರನ್ನು ಕರೆದುಕೊಂಡು ಆಪಾ ಮನೆಯ ಮುಂದೆ ನಿಂತ. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಎಲ್ಲ ಕೇಳಿಸುತ್ತಿತ್ತು. ಗೋಡೆಯ ಸಂದಿನಿಂದ ಕಾಣಿಸುತ್ತಲೂ ಇತ್ತು.

“ಆಪಾ, ಇವನ್ನೆಲ್ಲಾ ಬಿಚ್ಚಿ ಕೊಡ್ರಿ. ನಮ್ಮ ದೇವರ ಮುಖ ಗ್ವಾಡಿಗೆ ತಿರುವೀರಿ.”

“ಗ್ವಾಡಿಗೆ ತಿರುವಿದ್ದು ತಪ್ಪಾತು ಅಂತೀಯಲ್ಲಪಾ, ಅದಕ್ಕೂ ಮೊದಲು ಎಲ್ಲಿದ್ವು ಇವು? ಗೊಬ್ಬರದ ಚೀಲದ ಬುಡಕ. ಮೂಸಿ ನೋಡು, ಇನ್ನೂ ವಾಸನಿ ಹೋಗಿಲ್ಲ.”

ಮೈದುನನ ಗೆಳೆಯನೊಬ್ಬ ಮುಂದೆ ಬಂದ. “ಅದೆಲ್ಲಾ ಬ್ಯಾಡ. ನಿಮಗ ಇವನ್ನ ಯಾರ್ ಕೊಟ್ರು, ಅದನ್ನ ಹೇಳ್ರಿ.”

ನನ್ನ ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ನೀಲಾ ಕಟ್ಟೆಯ ಮೇಲೇ ಕುಳಿತಿದ್ದಳು. ಅವಳು ಬಾಯಿ ತೆರೆದದ್ದು ಕಂಡಿತು. ಆಪಾ ಅವಳ ತಲೆಯ ಮೇಲೆ ಕೈ ಇಟ್ಟು ಸುಮ್ಮನಾಗಿಸಿದರು.

“ಬೇಕಂತ ನಾ ಕೇಳಿ ತಗೊಂಡೀನಿ. ಯಾರ್ ಕೊಟ್ರು ಅಂತ ಹೇಳಾಂಗಿಲ್ಲ.”

“ಹೇಳಲಿಲ್ಲಂದ್ರ?”

“ಹೇಳಲಿಲ್ಲಂದ್ರ ಹೇಳಲಿಲ್ಲ. ನೀವು ಮೂರು ಮಂದಿ, ನಾ ಒಬ್ಬಾಕಿ. ಏನ್ ಮಾಡ್ತೀರಿ ಮಾಡ್ರಿ. ಆ ಕಡಿದು ನಿಮ್ಮದು, ಒಯ್ರಿ. ಈ ಕಡಿದು ನಮ್ಮ ಹುಡುಗರದು, ಅದನ್ನ ಬಿಡಿಸಿ ಕೊಟ್ಟು ಒಯ್ರಿ.”

ಅವರು ಬಿಡಿಸುವುದಕ್ಕೆ ಹೋಗಲಿಲ್ಲ. ಹನ್ನೆರಡೂ ಹಾಳೆಗಳನ್ನು ಕಿತ್ತು ಸುರುಳಿ ಸುತ್ತಿಕೊಂಡು ಹೋದರು. ಮೈದುನ ನೀಲಾಳ ತೋಳು ಹಿಡಿದು ಎಳೆದುಕೊಂಡು ಬಂದ. ಗೋಡೆಯ ಆಚೆ ಮಕ್ಕಳು ಅಳುವುದು ಕೇಳುತ್ತಿತ್ತು. ನಾನು ಹಿತ್ತಲಿನಿಂದ ಒಳಗೆ ಬಂದು ಬಾಗಿಲ ಹಿಂದೆ ನಿಂತಿದ್ದೆ. ಐದು ಹೆಜ್ಜೆ ಮುಂದೆ ಬಂದು ‘ನಾನು ಕೊಟ್ಟೆ’ ಎನ್ನಬಹುದಿತ್ತು. ಎನ್ನಲಿಲ್ಲ. ಮನೆಯಲ್ಲಿ ಏನಾಗುತ್ತದೋ ಎಂಬ ಭಯ ಎಂದು ಆಮೇಲೆ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಭಯವೇನೋ ನಿಜ. ಆದರೆ ಅದರಿಂದ ನಾನು ಮಾಡಿದ್ದು ಸಣ್ಣದಾಗುವುದಿಲ್ಲ.

ನೀಲಾ ಒಳಗೆ ಬಂದು ನನ್ನನ್ನೇ ನೋಡಿದಳು. “ಅವ್ವಾ, ನೀ ಮನ್ಯಾಗ ಇದ್ದಿ?”

“ಇದ್ದೆ.”

“ಮತ್ತ ಯಾಕ ಹೊರಗ ಬರಲಿಲ್ಲ?”

ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು.

ಮೂರು ದಿನ ಗೋಡೆಯ ಕಡೆ ಹೋಗಲಿಲ್ಲ. ನಾಲ್ಕನೆಯ ದಿನ ಓಣಿಯ ಮೂಲಕ ನಡೆದುಕೊಂಡೇ ಆಪಾ ಮನೆಗೆ ಹೋದೆ. ಅವರು ಯಂತ್ರದ ಮುಂದೆ ಇದ್ದರು. ಬಾಗಿಲಲ್ಲಿ ನಿಂತಾಗಲೇ ನನಗೆ ಅಳು ಬಂತು. ಅವರು ಯಂತ್ರ ನಿಲ್ಲಿಸಲಿಲ್ಲ. ಒಂದು ಮಗ್ಗುಲು ಪೂರ್ತಿ ಹೊಲಿದು, ದಾರ ಹಲ್ಲಿನಿಂದ ಕಡಿದು, ಆಮೇಲೆ ತಲೆ ಎತ್ತಿದರು.

“ಅಳಬ್ಯಾಡ ತಂಗಿ. ನಿನ್ನ ಅಳು ತಗೊಂಡು ನಾ ಏನ್ ಮಾಡ್ಲಿ? ನನಗ ಹಾಳಿ ಬೇಕು.”

ಸಮಾಧಾನ ಹೇಳುತ್ತಾರೆಂದು ಹೋಗಿದ್ದೆ. ಸಮಾಧಾನ ಹೇಳಲಿಲ್ಲ, ಬಯ್ಯಲೂ ಇಲ್ಲ. ಇಷ್ಟು ಹೇಳಿ ಮತ್ತೆ ಯಂತ್ರ ತುಳಿಯತೊಡಗಿದರು. ನನಗೆ ಸಿಟ್ಟು ಬಂತು. ಅವರ ಮೇಲೆ ಅಂದುಕೊಂಡೆ, ಓಣಿಯ ತಿರುವಿನವರೆಗೆ ನಡೆದ ಮೇಲೆ ಅದು ಅವರ ಮೇಲಿನ ಸಿಟ್ಟಲ್ಲ ಎಂದು ತಿಳಿಯಿತು. ಒಂದು ವಾರ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡೆ.

ಸಂತೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾನು ಅಂಗಡಿಗೆ ಹೋದೆ. ಊಟದ ಡಬ್ಬಿ ಕೈಯಲ್ಲಿರಲಿಲ್ಲ. ಗಿರಾಕಿಗಳು ತುಂಬಿದ್ದರು. ಮಾವನವರು ದುಡ್ಡು ಎಣಿಸುತ್ತ ಗಲ್ಲೆಯ ಮೇಲೆ, ಮೈದುನ ಚೀಲ ತೂಗಿಸುತ್ತಿದ್ದ. ನಾನು ಸೀದಾ ಗೋದಾಮಿಗೆ ಹೋದೆ. ಕಿತ್ತು ತಂದ ಸುರುಳಿ ಒಂದು ಮೂಲೆಯಲ್ಲಿ ನಿಂತಿತ್ತು, ಹರಿದಿರಲಿಲ್ಲ. ಅದನ್ನು ಬಗಲಿಗೆ ಹಾಕಿಕೊಂಡು, ಇನ್ನೊಂದು ಹೊಸ ಕಟ್ಟನ್ನು ಎರಡು ಕೈಯಲ್ಲಿ ಹಿಡಿದು ಹೊರಗೆ ಬಂದೆ.

“ಎಲ್ಲಿಗೆ ಒಯ್ಯಾಕತ್ತಿ?” ಮಾವನವರು ಕೇಳಿದರು.

“ಆಪಾ ಮನಿಗ್ರಿ ಮಾವಾರ.”

“ಅದನ್ನ ಅಲ್ಲೇ ಇಡು.”

“ಇಡಾಂಗಿಲ್ರಿ. ಮೊದಲನೇ ಕಟ್ಟು ಯಾರ್ ಕೊಟ್ರು ಅಂತ ಕೇಳಾಕ ಅವರ ಮನಿತನಕ ಮಂದಿನ ಕಳಿಸಿದ್ರಿ. ನಾನ ಕೊಟ್ಟೀನಿ. ನನ್ನ ಕೇಳ್ರಿ.”

ತಕ್ಕಡಿಯ ಮುಂದೆ ಇದ್ದವರೆಲ್ಲ ತಿರುಗಿದರು. ಮೈದುನನ ಮುಖ ಕೆಂಪಾಯಿತು. ನನ್ನ ಧ್ವನಿ ನನ್ನದಲ್ಲವೇನೋ ಎನ್ನುವಷ್ಟು ಗಟ್ಟಿಯಾಗಿತ್ತು. ಆಗ ಬೀಜ ಕೊಳ್ಳಲು ಬಂದಿದ್ದ ವಳಕಮದಿನ್ನಿಯ ವಯಸ್ಸಾದ ಗೌಡರೊಬ್ಬರು ನನ್ನ ಬಗಲಿನ ಸುರುಳಿ ನೋಡಿ ಕೇಳಿದರು.

“ಏನದಾವವ್ವಾ ಅವು?”

“ಓಣಿ ಹುಡುಗ್ರು ಕೈಲೆ ಬರದ ಕ್ಯಾಲೆಂಡರ್ ಅದಾವ್ರೀ. ಚಾಂದ್ ನೋಡಿ ತಿಂಗಳಾ ಬರೀತಾರ.”

“ಹಂಗಾರ ಮೊಹರಂ ಯಾವಾಗ ಬರ್ತೈತಿ ಅನ್ನೋದು ಅದರಾಗ ತಿಳಿತೈತೇನು? ನಮ್ಮೂರಾಗ ತುರುಕರ ಮನಿ ಒಂದೂ ಇಲ್ಲ. ಬೆಂಕಿ ಹಾಕೋ ಅಲಾಯಿ ಕುಣಿ ನಾವ ತೆಗಿಬೇಕು, ಅಲಾಯಿ ದೇವರ್ನ ನಾವ ಹೊರಬೇಕು. ಪ್ರತಿ ವರ್ಷ ತಾರೀಖು ಕೇಳಾಕ ಮುದಗಲ್ ತನಕ ಮನಷ್ಯಾನ್ನ ಕಳಸ್ತೀವಿ. ಒಂದ್ ಹಾಳಿ ನಮಗೂ ಬರಸಿ ಕೊಡ್ರಿ.”

ಗೌಡರು ಯಾರ ಪಕ್ಷವನ್ನೂ ವಹಿಸಲು ಆ ಮಾತು ಆಡಿದವರಲ್ಲ. ಅವರಿಗೆ ತಾರೀಖು ಬೇಕಿತ್ತು. ಮಾವನವರು ಗಲ್ಲೆಯ ಮೇಲೆ ಹಾಗೇ ಕುಳಿತಿದ್ದರು. ಬೇಡ ಎಂದರೆ ಹಳೆಯ ಗಿರಾಕಿ ಮುನಿಯುತ್ತಾರೆ, ಹೂಂ ಎಂದರೆ ಸೊಸೆ ಗೆದ್ದಂತೆ. ನಾನು ಅಂಗಡಿಯ ಮೆಟ್ಟಿಲು ಇಳಿದು, ಕಟ್ಟು ಎಲ್ಲರಿಗೂ ಕಾಣುವ ಹಾಗೆ ಹಿಡಿದು, ಸಂತೆಯ ನಡುವೆ ನಡೆದುಕೊಂಡು ಓಣಿಗೆ ಬಂದೆ. ಮಾವನವರು ನನ್ನ ಜೊತೆ ಎರಡು ತಿಂಗಳು ಮಾತು ಬಿಟ್ಟರು. ಮೈದುನ ಇವತ್ತಿಗೂ ಬೇಕಿದ್ದಷ್ಟೇ ಮಾತನಾಡುತ್ತಾನೆ. ಗಂಡ ಊರಿಂದ ಬಂದು ಎಲ್ಲ ಕೇಳಿ, “ಇಷ್ಟು ಗದ್ದಲ ಬೇಕಿತ್ತೇನು?” ಎಂದರು. “ಬೇಕಿತ್ತು” ಎಂದೆ.

ಆಪಾ ಸುರುಳಿ ಬಿಚ್ಚಿ ನೆಲಕ್ಕೆ ಹಾಸಿದರು. ನನಗೆ ಒಂದು ಒಳ್ಳೆಯ ಮಾತೂ ಹೇಳಲಿಲ್ಲ. ಮೂಲೆಗಳನ್ನು ಸವರಿ ನೋಡಿ, ಮಕ್ಕಳನ್ನು ಕರೆದರು. “ಹನ್ನೊಂದು ಮನಿ ಖಾಲಿ ಉಳದಾವು. ತುಂಬ್ರಿ.”

“ಏನ್ ಬರೀಬೇಕ್ರಿ ಆಪಾ?” ಸಾನಿಯಾ ಕೇಳಿದಳು.

“ಏನಾಗೈತೋ ಅದು.”

ಮಕ್ಕಳು ಸ್ವಲ್ಪ ಹೊತ್ತು ಗುಸುಗುಸು ಮಾತಾಡಿಕೊಂಡರು. ಆಮೇಲೆ ಹನ್ನೊಂದು ಚೌಕಗಳಲ್ಲಿಯೂ ಒಂದೇ ಸಾಲು ಬರೆದರು. ‘ಇವತ್ತು ಕ್ಯಾಲೆಂಡರ್ ನಮ್ಮ ಹತ್ತಿರ ಇರಲಿಲ್ಲ.’ ಅಕ್ಷರ ಬಾರದ ಬಂಗಾಲಿ ಹುಡುಗಿ ಕೂಡ ಅವತ್ತು ಮೀನು ಬಿಡಿಸದೆ, ನೀಲಾ ಬರೆದದ್ದನ್ನು ನೋಡಿ ನೋಡಿ ತನ್ನ ಪಾಲಿನ ಸಾಲನ್ನು ಕನ್ನಡದಲ್ಲಿ ತಿದ್ದಿದಳು.

ಅವತ್ತೇ ವಳಕಮದಿನ್ನಿಗೊಂದು ಮೊಹರಂ ಹಾಳೆ ತಯಾರಾಯಿತು. ಅಲಾಯಿಗೆ ನೀವೂ ಹೋಗುತ್ತೀರಾ ಎಂದು ನಾನು ಕೇಳಿದ್ದಕ್ಕೆ ಆಪಾ, “ನಾ ಹೋಗಾಂಗಿಲ್ಲ. ನಾ ಓದಿದ್ದರಾಗ ಅದು ಇಲ್ಲ. ಆದ್ರ ತಾರೀಖು ಕೇಳಿದವರಿಗೆ ನೀ ಯಾಕ ಕೇಳ್ತಿ ಅನ್ನಾಕ ನಾ ಯಾರು?” ಎಂದರು. ಮೊದಲ ಚೌಕದ ಪಕ್ಕದಲ್ಲಿ, ಚಂದ್ರ ಕಂಡ ಮೇಲೆ ಫೋನ್ ಮಾಡಿ ಹೇಳುತ್ತೇವೆ ಎಂದು ಬರೆಸಿದರು. ಮುಂದಿನ ವರ್ಷ ಅಂಥ ಹಾಳೆಗಳನ್ನು ಕೇಳಿಕೊಂಡು ಇನ್ನೂ ಮೂರು ಹಳ್ಳಿಯವರು ಬಂದರು.

ನಾಲ್ಕು ವರ್ಷ ಹೀಗೆ ನಡೆಯಿತು. ಕಳೆದ ವರ್ಷ ಆಪಾ ಅವರಿಗೆ ಕಾಲು ಬಾತು, ಉಸಿರು ಕಟ್ಟತೊಡಗಿತು. ಕಿಡ್ನಿ ಕೆಲಸ ಮಾಡುತ್ತಿಲ್ಲ ಎಂದರು ಡಾಕ್ಟರು. ಲಿಂಗಸುಗೂರಿನಲ್ಲಿದ್ದ ಅವರ ತಮ್ಮ ಬಂದು ಕರೆದೊಯ್ದರು. ಕಾರಿನಲ್ಲಿ ಕೂರುವ ಮೊದಲು ತಮ್ಮನ ಜೊತೆ ಜಗಳವಾಡಿ ಹೊಲಿಗೆ ಯಂತ್ರವನ್ನೂ ಹಿಂದಿನ ಸೀಟಿಗೆ ಏರಿಸಿದರು. ಅದನ್ನು ಅಲ್ಲಿ ಅವರಿಗೆ ಒಂದು ದಿನವೂ ತುಳಿಯಲಾಗಲಿಲ್ಲ.

ನಾನು ನೀಲಾಳನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದೆ. ಮಸ್ಕಿ ದಾಟುವಾಗ ನೀಲಾ ಕಿಟಕಿಯಿಂದ ಗುಡ್ಡವನ್ನೇ ನೋಡುತ್ತಿದ್ದಳು. ಆಪಾ ತಮ್ಮನ ಮನೆಯ ಪಡಸಾಲೆಯಲ್ಲಿ ಮಂಚದ ಮೇಲೆ ದಿಂಬಿಗೊರಗಿ ಕುಳಿತಿದ್ದರು. ಮುಖ ಊದಿ ಗುರುತು ಸಿಗದಂತಾಗಿತ್ತು. ನಾವು ಕೂರುವುದಕ್ಕೂ ಬಿಡದೆ ಕೇಳಿದರು.

“ಈ ತಿಂಗಳ ಗೆರಿ ಯಾರ್ ಹಾಕಿದ್ರು?”

ನಾನು ನೀಲಾಳ ಕಡೆ ನೋಡಿದೆ. ನೀಲಾ ನೆಲ ನೋಡಿದಳು. ನಾನೇ ಹೇಳಿದೆ.

“ಹಾಕಿಲ್ರಿ ಆಪಾ. ನಿಮ್ಮ ಮನಿಗೆ ಕೀಲಿ ಹಾಕೈತಿ. ಹುಡುಗ್ರು ಕೂಡಾಕ ಜಾಗ ಇಲ್ಲ. ನೀವು ಬಂದ ಮ್ಯಾಲೆ ಬರೀತೀವಿ ಅಂತಾರ.”

ಅವರಿಗೆ ಸಿಟ್ಟು ಬಂತು. ಆ ಸ್ಥಿತಿಯಲ್ಲೂ ಬೆನ್ನು ದಿಂಬಿನಿಂದ ಎದ್ದಿತು. “ನಾ ಬರಲಿಲ್ಲಂದ್ರ ಹೊತ್ತು ಮುಳಗೂದು ನಿಲ್ತೈತೇನು? ಹುಡುಗ್ರಿಗೆ ನಾ ಕಲಿಸಿದ್ದು ನನ್ನ ಕಟ್ಟಿ ಮ್ಯಾಲೆ ಕೂಡೂದಲ್ಲ.” ಉಸಿರು ಸಾಲದೆ ಮತ್ತೆ ದಿಂಬಿಗೊರಗಿದರು. ಆಮೇಲೆ ಮೆಲ್ಲಗೆ, ನನ್ನ ಕಣ್ಣಲ್ಲಿ ಕಣ್ಣಿಟ್ಟು, “ನಿಮ್ಮ ಮನ್ಯಾಗ ಜಾಗ ಇಲ್ಲೇನು?” ಎಂದರು.

ಮನೆಯಲ್ಲಿ ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೆಂದು ಗೊತ್ತಿತ್ತು.

“ಐತ್ರಿ” ಎಂದೆ.

“ಹಂಗಾರ ಇಲ್ಲಿ ಕುಂತು ಏನ್ ಮಾಡಾಕತ್ತೀರಿ? ಬಸ್ಸು ಎಷ್ಟಕ್ಕೈತಿ?”

ಅವತ್ತು ಸಂಜೆಯೇ ನಮ್ಮ ಪಡಸಾಲೆಯಲ್ಲಿ ಐದು ಮಕ್ಕಳು ಬೋರಲು ಮಲಗಿ ಗೆರೆ ಎಳೆದರು. ಮಾವನವರು ಒಳಗೆ ಬಂದವರು ಮಕ್ಕಳ ಕಾಲು ದಾಟಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅತ್ತೆ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ನಾನು ಯಾರ ಅಪ್ಪಣೆಗೂ ಕಾಯಲಿಲ್ಲ. ಗೋಡೆಗೆ ಹನ್ನೆರಡು ಮೊಳೆ ನಾನೇ ಹೊಡೆದೆ.

ಹದಿನಾರು ದಿನಗಳ ನಂತರ ಲಿಂಗಸುಗೂರಿನಿಂದ ಫೋನ್ ಬಂತು. ನಾವು ಮುಟ್ಟುವಷ್ಟರಲ್ಲಿ ಸ್ನಾನ ಮಾಡಿಸಿ ಬಿಳಿ ಬಟ್ಟೆ ಹೊದಿಸಿದ್ದರು. ಹೆಂಗಸರು ಸರಿದು ನಮಗೆ ಜಾಗ ಕೊಟ್ಟರು. ಯಾರೋ ಒಬ್ಬರು ಇವರು ಯಾರು ಎಂದು ಕೇಳಿದಾಗ ಆಪಾ ಅವರ ತಮ್ಮನ ಹೆಂಡತಿ, “ಗ್ವಾಡಿ ಆಚಿ ಮನಿಯವರು” ಎಂದರು. ನೀಲಾ ಅಳಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ, ಇವತ್ತು ಸರದಿ ಸಾನಿಯಾಳದು, ಅವಳ ಹತ್ತಿರ ಕೇಳಿಕೊಂಡು ನಾನು ಬರೆಯಲೇ ಎಂದಳು. ಬರಿ ಎಂದೆ. ಏನು ಬರೆದಳು ಎಂದು ನಾನು ಇಲ್ಲಿ ಹೇಳುವುದಿಲ್ಲ. ಅದು ಮಕ್ಕಳದು.

ಬಾಗಿಲ ಹಿಂದೆ ನಿಂತ ಆ ಸಂಜೆಯ ಋಣ ನನ್ನ ಮೇಲೆ ಹಾಗೇ ಇದೆ. ಅಂಗಡಿಯಲ್ಲಿ ಆಡಿದ ಮಾತಿನಿಂದ ಅದು ತೀರಿತು ಎಂದು ನಾನು ಅಂದುಕೊಂಡಿಲ್ಲ. ಅದಕ್ಕೆ ನಮ್ಮ ಪಡಸಾಲೆಯ ಗೋಡೆ ಖಾಲಿ ಬಿಟ್ಟಿಲ್ಲ.

ಕಳೆದ ತಿಂಗಳು ಮನೆಯಲ್ಲಿ ಜಂಗಮರ ಪಾದಪೂಜೆ ಇತ್ತು. ನೆಂಟರು, ಓಣಿಯವರು, ಐವತ್ತು ಮಂದಿಯ ಪ್ರಸಾದ. ಹಾಳೆಗಳನ್ನು ಅವತ್ತೊಂದು ದಿನ ತೆಗೆದಿಡುತ್ತಾಳೇನೋ ಎಂದು ಎಲ್ಲರೂ ನನ್ನ ಮುಖ ನೋಡಿದರು. ನಾನು ತೆಗೆಯಲಿಲ್ಲ. ಮಾವನವರ ತಂಗಿಯೊಬ್ಬರು ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಗೋಡೆಯ ಮುಂದೆ ನಿಂತರು. ಸುಮಾರು ಹೊತ್ತು ನೋಡಿ, ನನಗೆ ಕೇಳಿಸುವ ಹಾಗೆ, “ಪೂಜಿ ಮನ್ಯಾಗ ಇವೆಂಥಾವು ತೂಗು ಹಾಕೀರಿ?” ಎಂದರು.

ನಾನು ಉತ್ತರಕ್ಕೆ ಸಿದ್ಧವಾಗಿಯೇ ಇದ್ದೆ. ಎಷ್ಟೋ ದಿನದಿಂದ ಸಿದ್ಧವಾಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅತ್ತೆಯ ಧ್ವನಿ ಬಂತು.

“ಕ್ಯಾಲೆಂಡರ್ ಅದಾವು. ಓದಾಕ ಬರಾಂಗಿಲ್ಲೇನು?”